ತಳ್ಳುಗಾಡಿಯ ಹೆಂಗಸು

ಬಿಸ್ಕತ್ ಕಾರ್ಖಾನೆಯಿಂದ ನಿವೃತ್ತಳಾದ ಮೇಲೆ ಸೆಂಗಾ ಮಕ್ಲಿಂಟಕ್ ಗ್ಲಾಸ್ಗೋದ ಮ್ಯೂಸಿಯಂಗಳನ್ನು ಸುತ್ತತೊಡಗಿದ್ದು ಕಲೆಯ ಮೇಲಿನ ಪ್ರೀತಿಯಿಂದ ಅಲ್ಲವೇ ಅಲ್ಲ. ಮನೆಯಲ್ಲಿ ಹೀಟರ್ ಹಾಕಿದರೆ ಬಿಲ್ಲು. ಮ್ಯೂಸಿಯಂ ಒಳಗೆ ಪುಕ್ಕಟೆ ಬೆಚ್ಚಗಿರುತ್ತದೆ, ಟಿಕೆಟ್ಟಿನ ರಗಳೆಯೂ ಇಲ್ಲ. ಹೊಸ ಚಿತ್ರಗಳ ಗ್ಯಾಲರಿಯಲ್ಲಿ ಬಿಳಿ ಗೋಡೆಗೆ ಬಿಳಿ ಹಲಗೆ ನೇತುಹಾಕಿದ್ದು ನೋಡಿ ತಲೆಬುಡ ತಿಳಿಯಲಿಲ್ಲ. ಕಾವಲಿನವನನ್ನು ಕೇಳಿದರೆ, ತನಗೂ ಹನ್ನೆರಡು ವರ್ಷದಿಂದ ತಿಳಿದಿಲ್ಲ ಎಂದ. ಆದರೂ ಮರ್ಯಾದೆಗೆ ಹತ್ತು ನಿಮಿಷ ನಿಂತು ನೋಡಿ ಬಂದಳು. ಅಂಥ ಹೆಂಗಸು.

ಊರಿನ ಹಳೆಯ ಬದುಕನ್ನು ತೋರಿಸುವ ಮ್ಯೂಸಿಯಂ ಒಂದಿತ್ತು. ಅಲ್ಲೊಂದು ಫೋಟೋ ಮುಂದೆ ಅವಳು ಗಕ್ಕನೆ ನಿಂತಳು. ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಮಗುವಿನ ತಳ್ಳುಗಾಡಿಯಲ್ಲಿ ಮೈಲಿಗೆ ಬಟ್ಟೆಯ ಗಂಟು ಹೇರಿಕೊಂಡು ಸ್ಟೀಮಿಗೆ, ಎಂದರೆ ಬೀದಿಯವರೆಲ್ಲ ಬಟ್ಟೆ ಒಗೆಯುತ್ತಿದ್ದ ಕಟ್ಟಡಕ್ಕೆ, ಹೊರಟಿದ್ದಾಳೆ. ಕೆಳಗೆ 'ಹೆಸರು ತಿಳಿಯದ ಹೆಂಗಸು, 1954' ಎಂದಿದೆ. ಗಾಡಿಯ ಮೂರು ಗಾಲಿ ದೊಡ್ಡವು, ಒಂದು ಸಣ್ಣದು. ಆ ಸಣ್ಣ ಗಾಲಿ ಹಾಕಿದ್ದು ಸೆಂಗಾಳ ಅಪ್ಪ!

ಅವಳಿಗೆ ಐದು ತುಂಬುವಾಗ ತಾಯಿ ತೀರಿಕೊಂಡಿದ್ದಳು. ಇದ್ದ ಫೋಟೋಗಳು ಮನೆ ಬದಲಿಸುವಾಗ ಎಲ್ಲೋ ಕಳೆದುಹೋದವು. ಮುಖವೇ ನೆನಪಿರದ ಅಮ್ಮ ಎಪ್ಪತ್ತರ ಹೊಸ್ತಿಲಲ್ಲಿ ಗೋಡೆಯ ಮೇಲೆ ಸಿಕ್ಕಿದರೆ ಯಾರು ಬಿಡುತ್ತಾರೆ ಹೇಳಿ. ಒಂದು ವರ್ಷ, ಮಂಗಳವಾರ ತಪ್ಪದೆ ಹೋಗಿ ನೋಡಿದಳು. ಕೊನೆಗೆ ಧೈರ್ಯ ಮಾಡಿ ಅಲ್ಲಿನ ಅಧಿಕಾರಿ ಕ್ಯಾಟ್ರಿಯೋನಾಗೆ ಹೇಳಿದಳು. ಆ ಹುಡುಗಿ ಖುಷಿಯಾಗಿ ಒಂದು ಫಾರಂ ಕೊಟ್ಟು, ಹೆಸರು ಬರೆದುಕೊಡಿ, ಚಿತ್ರದ ಕೆಳಗೆ ಹಾಕುತ್ತೇವೆ, ಮನೆಯವರಲ್ಲಿ ಇನ್ನೊಬ್ಬರ ಸಹಿಯೂ ಬೇಕು ಎಂದಳು.

ಇನ್ನೊಬ್ಬರೆಂದರೆ ಅಣ್ಣ ಹ್ಯೂಯಿ, ಆರು ವರ್ಷ ದೊಡ್ಡವನು. ಎರಡು ಬಸ್ಸು ಬದಲಿಸಿ ಗೊಣಗುತ್ತಲೇ ಬಂದ. ಕನ್ನಡಕ ಒರೆಸಿ ನೋಡಿದ.

"ಗಾಡಿ ನಮ್ಮದೇ. ಇವಳು ಅಮ್ಮ ಅಂತ ಯಾರು ಹೇಳಿದ್ರು ನಿಂಗೆ?"

"ಗಾಡಿ ನಮ್ಮದಾದ್ಮೇಲೆ ಇನ್ಯಾರು?"

"ನಮ್ಮ ಕಟ್ಟಡದಲ್ಲಿ ಒಂದೇ ಮೆಟ್ಟಿಲು ಹತ್ತೋ ಎಂಟು ಮನೆಗೂ ಅದೊಂದೇ ಗಾಡಿ ಕಣೆ. ಮರೆತ್ಯಾ?"

ಮರೆತೇ ಹೋಗಿತ್ತು. ಸ್ಟೀಮಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ. ಯಾರ ದಿನವೋ ಅವರ ಕೈಗೆ ಗಾಡಿ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹಾಗಾದರೆ ಇವಳು ಮೇಲಿನ ಮನೆಯ ಮಿಸೆಸ್ ಟೋನರ್ ಇರಬಹುದೇ? ಅವಳು ದಪ್ಪ ಎಂದ ಹ್ಯೂಯಿ. ಮಿಸೆಸ್ ಲಾಫರ್ಟಿ? ಅವಳದು ಕೆಂಪು ಕೂದಲು. ಕಪ್ಪು ಬಿಳುಪು ಚಿತ್ರದಲ್ಲಿ ಅದೆಲ್ಲಿ ಕಾಣಬೇಕು! ಆಮೇಲೆ ಟೋನರ್ ದಪ್ಪಗಾಗಿದ್ದು ಯಾವಾಗ ಎಂಬುದರ ಮೇಲೆ ಇಬ್ಬರೂ ಕಾಲು ಗಂಟೆ ಜಗಳವಾಡಿದರು. ಸೆಂಗಾಳ ತಲೆ ಗಿರ್ರೆಂದಿತು. ಸಿಟ್ಟೂ ಬಂತು.

"ಅಮ್ಮ ಹೋದಾಗ ನೀನು ಹನ್ನೊಂದು ವರ್ಷದವನಿದ್ದೆ. ಅಮ್ಮನ ಮುಖ ಗೊತ್ತಿಲ್ವಾ? ಹೌದು ಅನ್ನು, ಇಲ್ಲಾ ಅಲ್ಲ ಅನ್ನು."

ಹ್ಯೂಯಿ ಬೆಂಚಿನ ಮೇಲೆ ಕೂತುಬಿಟ್ಟ.

"ಕೈ ನೆನಪಿದೆ. ಬಟ್ಟೆ ಒಗೆಯೋ ಸೋಡಾದಲ್ಲಿ ನೆಂದು ಕೆಂಪಾಗಿರ್ತಿತ್ತು. ಮುಖ ಹೋಯ್ತು ಕಣೆ. ಯಾವಾಗ ಹೋಯ್ತೋ ಗೊತ್ತಾಗ್ಲಿಲ್ಲ."

ಚಿತ್ರದಲ್ಲಿ ಕೈಗಳು ಗಂಟಿನ ಹಿಂದೆ ಮರೆಯಾಗಿದ್ದವು. ಸೆಂಗಾ ಅಣ್ಣನ ಪಕ್ಕ ಕೂತಳು. 

"ಈಗ ಅಮ್ಮ ಅಂದ್ರೆ ಇವಳೇ ಕಣ್ಮುಂದೆ ಬರ್ತಾಳೆ ಹ್ಯೂಯಿ. ಮುಂಚೆ ಯಾರೂ ಬರ್ತಿರಲಿಲ್ಲ. ಇವಳು ಟೋನರ್ ಆಗಿದ್ರೆ ನಾನೇನ್ ಮಾಡ್ಲಿ?"

ಹ್ಯೂಯಿ ಫಾರಂ ತೆಗೆದುಕೊಂಡು, ಹೆಸರಿನ ಜಾಗ ಖಾಲಿಯಿದ್ದಂತೆಯೇ ಸಹಿ ಹಾಕಿ ಅವಳ ಮಡಿಲಿಗಿಟ್ಟ. ಬರೆದುಕೋ ಎಂಬಂತೆ. ಸೆಂಗಾ ತಾಯಿಯ ಹೆಸರಿನ ಮೊದಲ ಅಕ್ಷರ ಬರೆದಳು. ಅಷ್ಟಕ್ಕೇ ಕೈ ನಿಂತಿತು. ಟೋನರ್‌ಗೂ ಹೆಣ್ಣುಮಕ್ಕಳಿದ್ದರು. ಎದ್ದು ಕ್ಯಾಟ್ರಿಯೋನಾ ಹತ್ತಿರ ಹೋದಳು.

"ಇದರಲ್ಲಿ 'ಇರಬಹುದು' ಅಂತ ಬರೆಯೋಕೆ ಎಲ್ಲಾದ್ರೂ ಜಾಗ ಇದೆಯೇನಮ್ಮ?"

ಹುಡುಗಿ ಫಾರಂ ತಿರುಗಿಸಿ ಹಿಂದೆ ಮುಂದೆ ನೋಡಿದಳು. ಇರಲಿಲ್ಲ.