ಮುಂಡಪ್ಪನ ಹೆಸರಿನ ಮನೆ

ಧರ್ಣಪ್ಪ ಪಂಚಾಯತಿ ಸೆಕ್ರೆಟರಿಯಾಗಿ ಸೇರಿದ್ದು ೧೯೭೩ರಲ್ಲಿ. ಸಿದ್ಧಕಟ್ಟೆಯ ಕಡೆಯ ಅವರ ಕುಟುಂಬದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರು ಅವರೊಬ್ಬರೇ. ಪಾಣೆಮಂಗಳೂರಿನಿಂದ ನೇತ್ರಾವತಿಯ ಬದಿ ಹಿಡಿದು ಮೇಲಕ್ಕೆ ಹೋದರೆ ಸಿಗುವ ಸಣ್ಣ ಪಂಚಾಯತಿ ಅದು. ಒಂದು ಕೋಣೆ, ಎರಡು ಕುರ್ಚಿ, ಗೆದ್ದಲು ಹಿಡಿದ ಒಂದು ಕಪಾಟು. ಧರ್ಣಪ್ಪನವರ ಅಕ್ಷರ ಚೆನ್ನಾಗಿತ್ತು, ಮಾತು ಕಡಿಮೆ. ಅಷ್ಟು ಸಾಕೆಂದು ಎಲ್ಲರೂ ಅಂದುಕೊಂಡಿದ್ದರು.

ಮರುವರ್ಷ ಜುಲೈಯಲ್ಲಿ ಹೊಳೆ ಉಕ್ಕಿತು. ದಡದ ಹತ್ತೊಂಬತ್ತು ಮಣ್ಣಿನ ಮನೆಗಳು ಎರಡು ದಿನದಲ್ಲಿ ಕರಗಿಹೋದವು. ಮೂರನೆಯ ದಿನ ಧರ್ಣಪ್ಪ ಶಾಲೆಯ ಜಗಲಿಯಲ್ಲಿ ಕುಳಿತು ಮನೆ ಕಳೆದುಕೊಂಡವರ ಪಟ್ಟಿ ಬರೆದರು. ಸಾಲಿನಲ್ಲಿ ಮೊದಲು ನಿಂತವರು ಸೇಸಮ್ಮ. ಗಂಡ ಮುಂಡಪ್ಪ ದೋಣಿ ದಾಟಿಸುವವರು. ನೀರು ಏರುತ್ತಿದೆ, ದೋಣಿಯನ್ನು ಮೇಲಕ್ಕೆ ಎಳೆದು ಕಟ್ಟುತ್ತೇನೆ ಎಂದು ಹೋದವರು. ದೋಣಿಯೂ ಸಿಗಲಿಲ್ಲ, ಅವರೂ ಸಿಗಲಿಲ್ಲ.

"ಯಜಮಾನರ ಹೆಸರು?" ಎಂದು ಧರ್ಣಪ್ಪ ಕೇಳಬೇಕಾಗಿತ್ತು, ಕೇಳಿದರು.

"ಮುಂಡಪ್ಪ."

"ಸೇಸಕ್ಕ, ನಿಮ್ಮ ಹೆಸರು ಬರೆಯಲಾ?"

"ನನ್ನದು ಯಾಕೆ? ಮನೆ ಅವರದ್ದಲ್ಲವಾ? ಬಂದ ಮೇಲೆ ಕೇಳಿದರೆ ನಾನು ಏನು ಹೇಳಲಿ?"

ಹಿಂದೆ ಹದಿನೆಂಟು ಮಂದಿ ನಿಂತಿದ್ದರು. ಧರ್ಣಪ್ಪ 'ಮುಂಡಪ್ಪ' ಎಂದು ಬರೆದು ಮುಂದಿನವರನ್ನು ಕರೆದರು.

ಹತ್ತೊಂಬತ್ತು ಮನೆಗಳು ಮಂಜೂರಾಗಲು ಒಂದು ವರ್ಷ ಬೇಕಾಯಿತು. ಕಟ್ಟುವ ಜಾಗವೆಂದು ಗುರುತಿಸಿದ್ದು ನೆಲ್ಲಿಪದವು ಎಂಬ ಬೋಳು ಗುಡ್ಡ. ಕಾಗದದಲ್ಲಿ ಅದು ಸರಕಾರದ ಜಾಗ. ಆದರೆ ಕೆಳಗಿನ ಗದ್ದೆಗಳ ಯಜಮಾನರಿಗೆ ಅದು ಕುಮ್ಕಿ. ಗೊಬ್ಬರಕ್ಕೆ ಸೊಪ್ಪು ಕಡಿಯುವ ಹಕ್ಕು ಅಜ್ಜನ ಕಾಲದಿಂದ ಅವರದ್ದು. ಯಜಮಾನರು ಬೇರೆ ಯಾರೂ ಅಲ್ಲ, ಪಂಚಾಯತಿ ಅಧ್ಯಕ್ಷರಾದ ಭೋಜ ಶೆಟ್ಟರೇ. ಮನೆ ಕಟ್ಟಿಸುವ ನಿರ್ಣಯಕ್ಕೆ ಸಹಿ ಹಾಕಿದವರು ಅವರು. ಆ ಜಾಗದ ಮೇಲೆ ಕೋರ್ಟಿನಿಂದ ತಡೆ ತಂದವರೂ ಅವರು.

"ಸಹಿ ಹಾಕಿದ್ದು ಅಧ್ಯಕ್ಷನಾಗಿ, ಕೇಸು ಹಾಕಿದ್ದು ಮನೆಯ ಯಜಮಾನನಾಗಿ" ಎಂದರು ಶೆಟ್ಟರು. "ಎರಡೂ ನನ್ನ ಕರ್ತವ್ಯವೇ ಮಾರಾಯ. ನೀನು ಬರೆಯುವುದನ್ನು ಬರೆ."

ಧರ್ಣಪ್ಪ ಬರೆದರು. ನಾಲ್ಕು ವರ್ಷ ಬರೆದರು. ಬೇರೆ ಜಾಗ ಉಂಟೇ ಎಂದು ಮೇಲಿನಿಂದ ಪತ್ರ ಬಂದರೆ, ಇದ್ದ ಜಾಗವೆಲ್ಲ ಯಾರದ್ದಾದರೂ ಕುಮ್ಕಿ ಇಲ್ಲವೇ ಅರಣ್ಯ ಎಂದು ಉತ್ತರ ಹೋಗುತ್ತಿತ್ತು. ಆ ಹತ್ತೊಂಬತ್ತು ಕುಟುಂಬಗಳು ಅಷ್ಟೂ ಕಾಲ ಹೊಳೆಯ ದಡದಲ್ಲೇ ತೆಂಗಿನ ಮಡಲಿನ ಗುಡಿಸಲುಗಳಲ್ಲಿದ್ದವು. ಪ್ರತಿ ಮಳೆಗಾಲ ಶಾಲೆಗೆ ಹತ್ತುವುದು, ಇಳಿಯುವುದು. ಮೊದಲ ವರ್ಷ ಧರ್ಣಪ್ಪ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಆಮೇಲೆ ಬದಲಿಸಲಿಲ್ಲ. "ಆಯಿತಾ?" ಎಂದು ಅವರು ಕೇಳುವುದು, "ಇಲ್ಲ" ಎಂದು ಇವರು ಹೇಳುವುದು, ಬಸ್ಸು ಬಂತಾ ಎಂದು ಕೇಳಿದ ಹಾಗೆ ಆಗಿಹೋಗಿತ್ತು.

೧೯೭೯ರಲ್ಲಿ ತಡೆ ತೆರವಾಯಿತು. ಮರುವರ್ಷ ಏಪ್ರಿಲಿನಲ್ಲಿ ಮನೆಗಳು ಎದ್ದು ನಿಂತವು: ಮುರಕಲ್ಲಿನ ಗೋಡೆ, ಹಂಚಿನ ಮಾಡು, ಒಂದು ಕೋಣೆ, ಅಡುಗೆಗೆ ಒಂದು ಮೂಲೆ. ಬಾವಿ ಮಾತ್ರ ನಲವತ್ತು ಅಡಿಗೆ ಬಂಡೆ ತಾಗಿ ನಿಂತಿತು. ನೀರಿಗೆ ಗುಡ್ಡ ಇಳಿದು ಹೊಳೆಗೇ ಹೋಗಬೇಕು.

ಮನೆ ಹಂಚುವ ಮುಂಚಿನ ದಿನ ಶೆಟ್ಟರು ಪಟ್ಟಿ ನೋಡಿದರು.

"ಮೊದಲನೆಯ ಹೆಸರಿನವನೇ ಇಲ್ಲವಲ್ಲ. ಆ ಮನೆ ಬೇರೆಯವರಿಗೆ ಕೊಡುವ."

"ಸೇಸಕ್ಕ ಇದ್ದಾರಲ್ಲ ಶೆಟ್ಟರೇ."

"ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಗಂಡ ಸತ್ತ ದಾಖಲೆಯೂ ಇಲ್ಲ. ಶವ ಸಿಗದಿದ್ದರೆ ಏಳು ವರ್ಷ ಕಾಯಬೇಕು ಅಂತ ಕಾನೂನು. ನಿನಗೆ ಗೊತ್ತಿಲ್ಲವಾ?"

ಧರ್ಣಪ್ಪನವರಿಗೆ ಗೊತ್ತಿತ್ತು. ಪಟ್ಟಿ ತಿದ್ದಲು ಎರಡು ಸಲ ಬರೆದಿದ್ದರು. ಮಂಜೂರಾದ ಪಟ್ಟಿ ತಿದ್ದುವಂತಿಲ್ಲ ಎಂದು ಎರಡು ಸಲವೂ ಉತ್ತರ ಬಂದಿತ್ತು. ಆ ಸಂಜೆ ಮನೆ ವಶಕ್ಕೆ ಪಡೆದ ರಿಜಿಸ್ಟರಿನಲ್ಲಿ, ಮೊದಲನೆಯ ಸಾಲಿನಲ್ಲಿ, 'ಮುಂಡಪ್ಪ' ಎಂದು ತಾವೇ ಸಹಿ ಹಾಕಿದರು. ಬೀಗದ ಕೈಯನ್ನು ಸೇಸಮ್ಮನಿಗೆ ಕೊಟ್ಟರು. ಆಕೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು.

ಬೇಸಗೆ ಮುಗಿಯುವ ಮೊದಲೇ, ನೀರು ಹೊತ್ತು ಸಾಕಾಗಿ, ಹನ್ನೊಂದು ಕುಟುಂಬಗಳು ಬೀಗ ಹಾಕಿ ಹೊಳೆಯ ಬದಿಗೆ ಮರಳಿದವು. ಸರಕಾರದ ಮನೆಗಳು ಖಾಲಿ ಬಿದ್ದಿವೆ ಎಂದು ಯಾರೋ ಅರ್ಜಿ ಹಾಕಿದರು. ೧೯೮೧ರ ಜನವರಿಯಲ್ಲಿ ತನಿಖೆಗೆ ಅಧಿಕಾರಿಯೊಬ್ಬರು ಬಂದರು. ಘಟ್ಟದ ಮೇಲಿನವರು, ತುಳು ಬಾರದವರು. ಮನೆಮನೆಯ ಮುಂದೆ ನಿಂತು ಪಟ್ಟಿಯ ಹೆಸರು ಕೂಗಿದರು.

"ಮುಂಡಪ್ಪ?"

ಸೇಸಮ್ಮ ಬೀಡಿ ಎಲೆಯ ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದವರು ಎದ್ದು ನಿಂತರು.

"ದೋಣಿಗೆ ಹೋಗಿದ್ದಾರೆ ಸಾರ್" ಎಂದರು ಧರ್ಣಪ್ಪ. ತಮ್ಮ ಬಾಯಿಂದ ಅದು ಹೇಗೆ ಬಂತೆಂದು ಅವರಿಗೇ ತಿಳಿಯಲಿಲ್ಲ.

ಅಧಿಕಾರಿ ಪಕ್ಕದ ಮನೆಗೆ ಹೋದರು. ಅಲ್ಲಿದ್ದ ಯಾಕೂಬ್‌ ಸುಳ್ಳು ಹೇಳುವ ಜನ ಅಲ್ಲ. ಮುಂಡಪ್ಪ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದ್ದಕ್ಕೆ, "ಅವರು ಎಪ್ಪತ್ತನಾಲ್ಕರ ನೆರೆಗೆ ಹೋದವರಲ್ಲವಾ ಸಾರ್" ಎಂದುಬಿಟ್ಟರು.

ಧರ್ಣಪ್ಪನವರ ಅಮಾನತಿನ ಆದೇಶ ಆ ವಾರವೇ ಬಂತು. ಇಲ್ಲದವನ ಹೆಸರಿನಲ್ಲಿ ಸಹಿ ಹಾಕಿ ಸರಕಾರಿ ಮನೆ ಕೊಟ್ಟ ಆರೋಪ. ಸೇಸಮ್ಮನನ್ನು ಹೊರಗೆ ಹಾಕಿ ಮನೆಗೆ ಮೊಹರು ಒತ್ತಿದರು. ಧರ್ಣಪ್ಪ ಏಳು ತಿಂಗಳು ಸಿದ್ಧಕಟ್ಟೆಯಲ್ಲಿ ಜಗಲಿಯ ಮೇಲೆ ಕುಳಿತರು. "ನಿಮಗೆ ಬೇಸರ ಆಗುವುದಿಲ್ಲವಾ?" ಎಂದು ಹೆಂಡತಿ ಕಾಂತಿ ಒಮ್ಮೆ ಕೇಳಿದರು. ಆಗುತ್ತಿದೆಯೇ ಎಂದು ಅವರು ತಮ್ಮೊಳಗೆ ಹುಡುಕಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಅನ್ನ ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು.

ಆಗಸ್ಟಿನಲ್ಲಿ ತಾಲೂಕು ಕಚೇರಿಯಲ್ಲಿ ವಿಚಾರಣೆ. ಹೊರಗೆ ಜೋರು ಮಳೆ. ಸಾಕ್ಷಿಯಾಗಿ ಸೇಸಮ್ಮನನ್ನು ಕರೆಸಿದ್ದರು. ಕುತ್ತಿಗೆಯಲ್ಲಿ ಕರಿಮಣಿ ಇತ್ತು.

"ನಿಮ್ಮ ಗಂಡ ಎಲ್ಲಿ?" ಎಂದು ಅದೇ ಅಧಿಕಾರಿ ಕೇಳಿದರು.

"ಆರ್ ಇಜ್ಜೆರ್."

"ಏನಂದರು?"

"ಅವರು ಇಲ್ಲ, ಅಂದರು ಸಾರ್" ಎಂದ ಗುಮಾಸ್ತ.

"ಇಲ್ಲ ಅಂದರೆ? ಮನೆಯಲ್ಲಿ ಇಲ್ಲವೋ, ಬದುಕಿಲ್ಲವೋ? ಸರಿಯಾಗಿ ಹೇಳಲಿ. ಬರೆದುಕೊಳ್ಳಬೇಕು."

ಗುಮಾಸ್ತ ತುಳುವಿನಲ್ಲಿ ಕೇಳಿದ. ಸೇಸಮ್ಮ ಬಹಳ ಹೊತ್ತು ಮೇಜಿನ ಕಾಲನ್ನು ನೋಡಿದರು. ಎದುರಿನ ಬೆಂಚಿನಲ್ಲಿ ಕುಳಿತಿದ್ದ ಧರ್ಣಪ್ಪ, ನಾನೇ ಹೇಳಿಬಿಡಲೇ ಎಂದು ಎದ್ದರು. ಅಧಿಕಾರಿ ಕೈ ತೋರಿಸಿ ಕೂರಿಸಿದರು.

"ತೀರಿ ಹೋಗಿದ್ದಾರೆ" ಎಂದರು ಸೇಸಮ್ಮ, ಕನ್ನಡದಲ್ಲಿ. ಯಾವ ಶಾಲೆಗೂ ಹೋಗದ ಆಕೆ ಆ ಮಾತನ್ನು ಎಲ್ಲಿ ಕಲಿತಿದ್ದರೋ. ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡು, ಮಳೆಯಲ್ಲೇ ನಡೆದು ಹೋದರು. ಅಳಲಿಲ್ಲ.

ಆ ಹೇಳಿಕೆಯಿಂದ ಧರ್ಣಪ್ಪನವರ ತಪ್ಪು ಸಾಬೀತಾಯಿತು. ಲಾಭ ಪಡೆದಿಲ್ಲವೆಂದು ಕೆಲಸ ಉಳಿಸಿ, ಬೆಳ್ತಂಗಡಿಯ ಆಚೆಗೆ ವರ್ಗ ಮಾಡಿದರು. ನೆರೆ ಕಳೆದು ಏಳು ವರ್ಷ ತುಂಬಿದ್ದರಿಂದ, ಸೇಸಮ್ಮ ಸಾವಿನ ದಾಖಲೆಗೆ ಅರ್ಜಿ ಹಾಕಿದಾಗ ಅದೇ ಹೇಳಿಕೆ ಆಧಾರವಾಯಿತು. ೧೯೮೨ರ ಕೊನೆಗೆ ಮನೆ ಆಕೆಯ ಹೆಸರಿಗೇ ಬಂತು. ಇದೆಲ್ಲ ಧರ್ಣಪ್ಪನವರಿಗೆ ತಿಳಿದದ್ದು ಹಳೆಯ ಕಚೇರಿಯ ಒಬ್ಬರು ಅಳದಂಗಡಿಯ ಪೇಟೆಯಲ್ಲಿ ಸಿಕ್ಕಿದಾಗ. "ಒಳ್ಳೆಯದಾಯಿತು" ಎಂದರು. ಹೇಳಬೇಕಾದ್ದು ಅದು ಎಂದು ಅವರಿಗೆ ಗೊತ್ತಿತ್ತು.

ಮೂರು ವರ್ಷದ ಮೇಲೆ, ನೆಂಟರ ಮದುವೆಗೆಂದು ಆ ಕಡೆ ಹೋದವರು ನೆಲ್ಲಿಪದವು ಹತ್ತಿದರು. ಆರು ಮನೆಗಳಲ್ಲಿ ಮಾತ್ರ ಜನ ಇದ್ದರು. ಸೇಸಮ್ಮ ಬೆಲ್ಲದ ತುಂಡು, ನೀರು ತಂದಿಟ್ಟರು. ಹೊಳೆಯಿಂದ ಹೊತ್ತು ತಂದ ನೀರೆಂದು ಧರ್ಣಪ್ಪ ಅರ್ಧವನ್ನೇ ಕುಡಿದರು.

"ಸೇಸಕ್ಕ, ನನ್ನ ಮೇಲೆ ಬೇಸರ ಉಂಟಾ?"

"ಯಾವುದಕ್ಕೆ?"

ಆಕೆ ನಿಜವಾಗಿಯೂ ತಿಳಿಯದೆ ಕೇಳಿದ್ದು. ಧರ್ಣಪ್ಪ ಲೋಟ ಕೆಳಗಿಡುವಷ್ಟರಲ್ಲಿ ಆಕೆಯೇ, "ಬಂದದ್ದು ಒಳ್ಳೆಯದಾಯಿತು. ನೀರಿನ ನಳ್ಳಿಗೆ ಒಂದು ಅರ್ಜಿ ಬರೆದು ಕೊಡಿ. ನಿಮ್ಮ ಅಕ್ಷರ ಚಂದ" ಎಂದರು.

ಕಾಗದವನ್ನು ಯಾಕೂಬ್‌ ತಂದುಕೊಟ್ಟರು. ಹೊಸ್ತಿಲ ಮೇಲೆ ಕುಳಿತು ಧರ್ಣಪ್ಪ ಬರೆದರು. ಆರು ಮನೆಯವರೂ ಬಂದು ಹೆಬ್ಬೆಟ್ಟೋ ಸಹಿಯೋ ಹಾಕಿದರು. ಮದುವೆಯ ಊಟಕ್ಕೆ ಹೊತ್ತಾಗಿತ್ತು. ಆದರೂ ಮೊದಲು ಪಂಚಾಯತಿಗೆ ಇಳಿದು ಹೊಸ ಸೆಕ್ರೆಟರಿಯ ಮೇಜಿನ ಮೇಲೆ ಅರ್ಜಿ ಇಟ್ಟರು.

"ನೋಡುವ" ಎಂದರು ಅವರು.

ಸ್ವೀಕೃತಿಯ ಮೊಹರು ಬೀಳುವ ತನಕ ಧರ್ಣಪ್ಪ ಅಲ್ಲೇ ನಿಂತಿದ್ದರು.