ಅರವತ್ತು ವರ್ಷದ ಆಚೆಯ ದನಿ

ಹುಣಸೆಹಣ್ಣು ಹಚ್ಚಿ ದೀಪದ ಕಂಬ ಉಜ್ಜುತ್ತಿದ್ದೆ. ಮಾರನೆಯ ದಿನ ಶುಕ್ರವಾರದ ಭಜನೆ ನಮ್ಮ ಮನೆಯಲ್ಲಿತ್ತು. ಆ ಹುಳಿ ವಾಸನೆಗೇ ಭಜನೆ ಅಜ್ಜಿ ನೆನಪಾಗಿದ್ದರು. ಅವರ ಬೆರಳಲ್ಲಿ ಯಾವಾಗಲೂ ಅದೇ ವಾಸನೆ. ಅಷ್ಟರಲ್ಲಿ ನಮ್ಮ ಭಜನಾ ಮಂಡಳಿಯ ಯೂಟ್ಯೂಬ್ ಚಾನೆಲ್ ನೋಡಿಕೊಳ್ಳುವ ಹುಡುಗಿ ಫೋನ್ ಮಾಡಿದಳು.

"ಅಕ್ಕಾ, ಅಜ್ಜಿ ವಿಡಿಯೋ ತೆಗೆದುಹಾಕ್ಬಿಟ್ಟಿದ್ದಾರೆ ಕಣ್ರೀ. ಕಾಪಿರೈಟ್ ಅಂತೆ."

"ಅಜ್ಜಿ ಹಾಡನ್ನ ಅಜ್ಜಿನೇ ಹಾಡಿದ್ರೆ ಅದ್ಯಾರದ್ದೇ ಕಾಪಿರೈಟು?"

ಅವಳಿಗೂ ಗೊತ್ತಿರಲಿಲ್ಲ. ವಿಡಿಯೋ ತೆಗೆದ ಫೋನು ಯಾವತ್ತೋ ಕೆಟ್ಟಿತ್ತು. ಚಾನೆಲ್‌ನಲ್ಲಿದೆಯಲ್ಲ, ಎಲ್ಲಿಗೆ ಹೋಗುತ್ತೆ ಅಂತ ನಾವ್ಯಾರೂ ಇಳಿಸಿಟ್ಟುಕೊಂಡಿರಲಿಲ್ಲ. ಅಜ್ಜಿಯ ದನಿ ಉಳಿದಿದ್ದು ಅದೊಂದರಲ್ಲೇ.

ಪೀಣ್ಯದ ಪಕ್ಕ ರಾಜಗೋಪಾಲನಗರದಲ್ಲಿ ನಾವು ಬಾಡಿಗೆಗಿದ್ದಾಗ ಅವರು ಮೇಲಿನ ಮನೆಯವರು. ಹೊಸದಾಗಿ ಮದುವೆಯಾಗಿ ಬಂದಿದ್ದ ನನ್ನನ್ನು ಕೈಹಿಡಿದು ಭಜನೆಗೆ ಕರೆದುಕೊಂಡು ಹೋದವರು. ಹಾಡು ತಾವೇ ಕಟ್ಟುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ಸು ದಿನವಿಡೀ ಧಡ್ ಧಡ್ ಅನ್ನುತ್ತಿತ್ತು. ನಮಗೆಲ್ಲ ತಲೆನೋವು, ಅಜ್ಜಿ ಅದಕ್ಕೇ ತಾಳ ಕೂಡಿಸಿ ಪದ ಜೋಡಿಸುತ್ತಿದ್ದರು. ಕರೆಂಟು ಹೋಗಿ ಪ್ರೆಸ್ಸು ನಿಂತರೆ, "ಅಯ್ಯೋ, ನಮ್ಮ ಮೃದಂಗದವನು ಟೀ ಕುಡಿಯೋಕೆ ಹೋದ" ಅನ್ನುತ್ತಿದ್ದರು. ನಾವು ರಾಗ ಎಳೆದರೆ, "ಹಿಂಗೆಲ್ಲಾ ಎಳೀಬೇಡ್ರೇ, ಅಮ್ನೋರಿಗೆ ನಿದ್ದೆ ಬಂದ್ಬಿಡುತ್ತೆ!" ಆ ಬೈಗುಳವೂ ವಿಡಿಯೋದಲ್ಲಿತ್ತು, ಹಿಂದೆ ಪ್ರೆಸ್ಸಿನ ಸದ್ದೂ...

ಹಾಡಿನ ಕೊನೆಗೆ ತಮ್ಮ ಹೆಸರು ಹಾಕಿಕೊಂಡವರಲ್ಲ. ದೇವಿಯ ಹೆಸರನ್ನೇ ಅಂಕಿತ ಮಾಡುತ್ತಿದ್ದರು. ಅದಕ್ಕೇ ಅವೆಲ್ಲ ದೇವಿಯ ಸೊತ್ತು, ಯಾರಪ್ಪಣೆಯೂ ಬೇಕಿಲ್ಲ ಅಂತ ನಾವು ತಿಳಿದಿದ್ದೆವು.

ಹೂಡಿಯಲ್ಲಿರುವ ಅವರ ಮಗಳಿಗೆ ಫೋನ್ ಮಾಡಿದೆ.

"ಅಮ್ಮ ಹೋದ್ಮೇಲೆ ಹಾಡುಗಳನ್ನೆಲ್ಲಾ ಒಂದು ಆಡಿಯೋ ಕಂಪನಿಗೆ ಬರೆದುಕೊಟ್ಬಿಟ್ಟೆ ಆಂಟಿ. ಉಳೀಲಿ ಅಂತಾನೇ ಕೊಟ್ಟಿದ್ದು. ಅವರು ಬೇರೆಯವರ ಕೈಲಿ ಹಾಡಿಸಿದ್ದಾರೆ. ವಿಡಿಯೋ ಬಿಡಿ ಅಂತ ಕೇಳ್ದೆ, ಆಗಲ್ಲ ಅಂದ್ರು. ನೀವು ಮನೇಲಿ ಹಾಡ್ಕೊಳ್ಳಿ, ಯಾರೂ ಬೇಡ ಅನ್ನಲ್ಲ."

"ಮತ್ತೆ ಯಾವಾಗ ಹಾಕ್ಬಹುದಮ್ಮಾ?"

"ಅಮ್ಮ ಹೋಗಿ ಅರವತ್ತು ವರ್ಷ ಆಗ್ಬೇಕಂತೆ. ನನ್ನ ಹತ್ರಾನೂ ಬೇರೆ ಇಲ್ಲ ಆಂಟಿ. ನಾನೂ ಅದನ್ನೇ ಹಾಕ್ಕೊಂಡು ಕೇಳ್ತಿದ್ದೆ."

ಅವಳ ಮೇಲೆ ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ. ತಾಯಿಯ ಹಾಡಿನಿಂದ ಮಗಳಿಗೆ ನಾಲ್ಕು ಕಾಸು ಸಿಕ್ಕರೆ ನ್ಯಾಯವೇ. ಅವಳಿರುವ ತನಕ ಇರಲಿ ಆ ಹಕ್ಕು. ಅರವತ್ತು ವರ್ಷಕ್ಕೆ ಅವಳೂ ಇರುವುದಿಲ್ಲ, ನಮ್ಮ ಭಜನೆಯವರು ಒಬ್ಬರೂ ಇರುವುದಿಲ್ಲ. ಅಜ್ಜಿಯನ್ನು ಕಂಡವರೆಲ್ಲ ಹೋದ ಮೇಲೆ ಬಿಟ್ಟುಕೊಟ್ಟರೆ ಯಾರು ಕೇಳಬೇಕು? ನಾಳೆ ಹಾಡುವುದಕ್ಕಾದರೂ ಅಡ್ಡಿಯಿಲ್ಲ; ದೇವಿ ಅಷ್ಟು ಉಳಿಸಿದ್ದಳು.

ಫೋನಿಟ್ಟು ಅಜ್ಜಿಯ ಹಾಡೊಂದನ್ನು ಮೆಲ್ಲಗೆ ಹೇಳಿಕೊಂಡು ನೋಡಿದೆ. ಪದ ಬಂತು, ರಾಗ ಬಂತು. ಅಜ್ಜಿಯ ದನಿ ಹೇಗಿತ್ತು ಅಂತ ಹುಡುಕಿದೆ... ಕಿವಿಯಲ್ಲಿ ನನ್ನದೇ ಕೇಳುತ್ತಿತ್ತು.

ಪ್ರಸಾದಕ್ಕೆ ಕಡಲೆಕಾಳು ನೆನೆಹಾಕಬೇಕಿತ್ತು. ಮೊರ ತೆಗೆದುಕೊಂಡು ಕಲ್ಲು ಆರಿಸಲು ಕೂತೆ.