ಉಡಿ ತುಂಬಿ ಹಾಕಿಸಿಕೊಂಡ ಸಹಿ

ತಂಗಿ ಖುಷಿಯಿಂದ ಸಹಿ ಹಾಕಿದಳು ಎಂದು ಅವತ್ತು ಸಂಜೆಯೇ ನನ್ನ ಮಗ ಓಣಿಗೆಲ್ಲ ಹೇಳಿಬಂದ. ಸುಳ್ಳು. ಉಡಿ ತುಂಬಿ, ಅವಳ ಬಾಯಿ ಕಟ್ಟಿ, ನಾನೇ ಸಹಿ ಹಾಕಿಸಿಕೊಂಡೆ.

ಡಂಬಳದ ಕೆರೆಯ ಹತ್ತಿರ ನನ್ನದೊಂದು ಮಣ್ಣಿನ ಮಾಳಿಗೆಯ ಮನೆಯಿದೆ. ತವರಿನಿಂದ ಬಂದದ್ದು. ಅಲ್ಲಿ ಯಾರೂ ವಾಸವಿಲ್ಲ. ಮಕ್ಕಳ ಶಾಲೆಗೆ ಸೂಟಿ ಬಂದರೆ ಬೆಟಗೇರಿಯಲ್ಲಿ ಮಗ್ಗ ನಿಲ್ಲಿಸಿ ನಾನು, ಮಗ, ಸೊಸೆ, ಮೊಮ್ಮಕ್ಕಳು ಹೋಗುತ್ತೇವೆ. ಲಕ್ಷ್ಮೇಶ್ವರದಿಂದ ಮಗಳು ತನ್ನ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾಳೆ. ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತೇವೆ, ಹಾಸಿಗೆಗಾಗಿ ಜಗಳಾಡುತ್ತೇವೆ, ಸೂಟಿ ಮುಗಿದರೆ ಕೀಲಿ ಹಾಕಿ ಬರುತ್ತೇವೆ. ಕೀಲಿಕೈ ಮಗನ ಹತ್ತಿರ ಒಂದು, ಮಗಳ ಹತ್ತಿರ ಒಂದು.

ಈ ವರ್ಷ ನನ್ನ ಮೊಣಕಾಲು ಕೈಕೊಟ್ಟವು. ನಾನು ಸತ್ತ ಮೇಲೆ ಆ ಮನೆ ಯಾರದು ಎಂಬ ಮಾತೆದ್ದಿತು. ಇಬ್ಬರ ಹೆಸರಿಗೂ ಬರೆಯಬಹುದು, ಒಬ್ಬರಿಗೂ ಬರೆಯಬಹುದು ಎಂದರು ವಕೀಲರು. ಒಬ್ಬರಿಗಾದರೆ ಇನ್ನೊಬ್ಬರ ಒಪ್ಪಿಗೆ ಸಹಿ ಇರಲಿ, ಮುಂದೆ ತಕರಾರು ಬೇಡ ಎಂದರು. ಮಗನಿಗೆ ತನ್ನೊಬ್ಬನ ಹೆಸರೇ ಬೇಕಿತ್ತು.

"ಮಾಳಿಗಿ ಸೋರಿದ್ರ ಮಣ್ಣ ಹಾಕಾಂವ ನಾನು. ಆಕಿ ಬಂದು ಉಂಡು ಹೋಗಾಕಿ," ಎಂದ.

ನಾನು ಹೂಂ ಅಂದೆ. ಆ ಮನೆಯನ್ನು ನನ್ನ ಅವ್ವ ಗಂಡುಮಕ್ಕಳನ್ನು ಬಿಟ್ಟು ಮಗಳಾದ ನನಗೆ ಕೊಟ್ಟಿದ್ದಳು. ಅದು ನೆನಪಿತ್ತು.

ಮಗಳನ್ನು ಬೆಟಗೇರಿಗೆ ಕರೆಸಿದೆ. ಹೋಳಿಗೆ ಮಾಡಿಸಿದೆ. ನಮ್ಮದೇ ಮಗ್ಗದ ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಅವಳ ಸೆರಗಿಗೆ ಉಡಿ ತುಂಬಿದೆ. ನಮ್ಮಲ್ಲಿ ತವರಿನವರು ಉಡಿ ತುಂಬಿದ ಹೊತ್ತಿನಲ್ಲಿ ಹೆಣ್ಣುಮಗಳು ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ತುಂಬಿದ ಉಡಿಯನ್ನು ಕೆಳಗೂ ಇಡುವುದಿಲ್ಲ. ಗೊತ್ತಿದ್ದೇ ಮಗನಿಗೆ ಕಣ್ಸನ್ನೆ ಮಾಡಿದೆ. ಅವನು ಕಾಗದ, ಪೆನ್ನು ಹಿಡಿದು ಬಂದ.

"ತಂಗೀ, ಇಲ್ಲೊಂದು ಸಹಿ ಹಾಕವ್ವಾ. ಡಂಬಳದ ಮನೀದು."

"ಎರಡೂ ಕೈಯಾಗ ಉಡಿ ಐತಲ್ಲೋ ಅಣ್ಣಾ. ನಿನ್ನ ಕಾಗದೇನು ಓಡಿ ಹೊಂಟೈತೇನ?" ಎಂದು ಮಗಳು ನಕ್ಕಳು.

ನಾನು ಮುಂದೆ ಹೋಗಿ ಅವಳ ಸೆರಗಿನ ಗಂಟು ನನ್ನ ಕೈಗೆ ತೆಗೆದುಕೊಂಡೆ.

"ನಾ ಹಿಡೀತೀನಿ. ಹಾಕು."

ಅವಳ ನಗು ನಿಂತಿತು. ಕಾಗದ ಪೂರ್ತಿ ಓದಿದಳು. ನನ್ನ ಮುಖ ನೋಡಿದಳು. ಸಹಿ ಹಾಕಿ, ಉಡಿ ಮತ್ತೆ ತನ್ನ ಕೈಗೆ ತೆಗೆದುಕೊಂಡಳು.

ಹೊರಡುವಾಗ ಚಪ್ಪಲಿ ಮೆಟ್ಟುತ್ತ ಕೇಳಿದಳು: "ಅವ್ವಾ, ಇನ್ನ ಮ್ಯಾಲೆ ಸೂಟಿಗೆ ಬರೂ ಮುಂದ ಅಣ್ಣನ್ನ ಕೇಳಿ ಬರಬೇಕೇನ?"

ನಾನು ಬಾಯಿ ತೆರೆಯುವ ಮೊದಲೇ ಮಗ, "ಒಂದು ಫೋನ್ ಮಾಡಿದ್ರಾತು," ಎಂದ.

"ಹಂಗಾದ್ರ ಇದು ನನಗ್ಯಾಕ?" ಎಂದು ಅವಳು ಕೀಲಿಕೈ ತೆಗೆದು ಕಟ್ಟೆಯ ಮೇಲಿಟ್ಟಳು. ಉಡಿಯನ್ನು ಮಾತ್ರ ಬಿಡಲಿಲ್ಲ. ಒಂದು ಕಾಳು ಚೆಲ್ಲದ ಹಾಗೆ ಎದೆಗವಚಿಕೊಂಡು ಹೋದಳು. ನನ್ನ ಮುಖದ ಮೇಲೆ ಎಸೆದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮುಂಡರಗಿಯ ನೋಂದಣಿ ಕಚೇರಿಗೆ ಹೋಗುವುದಿತ್ತು. ಮಗ ಇಸ್ತ್ರಿ ಅಂಗಿ ತೊಟ್ಟು, ಬಾಗಿಲಿಗೆ ಆಟೋ ತಂದು ನಿಲ್ಲಿಸಿದ.

"ನಾ ಸಹಿ ಮಾಡೂದಿಲ್ಲ. ಇಬ್ಬರ ಹೆಸರಿಗೂ ಬರೀರಿ ಅಂತ ವಕೀಲರಿಗೆ ಹೇಳು," ಎಂದೆ.

"ನಿನ್ನೆ ಆಕೀನ ಒಪ್ಪ್ಯಾಳಲ್ಲಬೇ!"

"ಆಕಿ ಒಪ್ಪಿಲ್ಲ. ನಾ ಒಪ್ಪಿಸೀನಿ."

ಕಟ್ಟೆಯ ಮೇಲೆ ಹಾಗೇ ಬಿದ್ದಿದ್ದ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದೇ ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ, ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.